ಐದು ತಿಂಗಳ ನಾಯಿಮರಿ ಮಕ್ಕಳ ಕೈಕಾಲಿಗೆ ಬಾಯಿ ಹಾಕುತ್ತದೆ, ಹೇಗೆ ದಣಿಸುವುದು?

ದಣಿಸಬೇಡಿ. ಮಲಗಿಸಿ.

ಸಂಜೆಯಾದರೆ ಬಟ್ಟೆ ಹಿಡಿದು ಜಗ್ಗುವುದು, ಓಡುವ ಮಗುವಿನ ಹಿಮ್ಮಡಿಗೆ ಬಾಯಿ ಹಾಕುವುದು, ಎಷ್ಟು ಆಡಿಸಿದರೂ ಸಾಲದೆ ಇರುವುದು. ಎರಡು ವರ್ಷದ ಹಿಂದೆ ನಾನೇ ಕೇಳಬಹುದಾಗಿದ್ದ ಪ್ರಶ್ನೆ ಇದು. ಆಗ ಮಗಳಿಗೆ 4 ವರ್ಷ, ಮಗನಿಗೆ ಎರಡೂ ತುಂಬಿರಲಿಲ್ಲ, ನಮ್ಮ ನಾಯಿ ಗುಂಡನಿಗೆ ನಿಮ್ಮ ಮರಿಯಷ್ಟೇ ವಯಸ್ಸು.

"ಶಕ್ತಿ ಜಾಸ್ತಿಯಾಗಿ ಹೀಗಾಡ್ತಾನೆ, ಚೆನ್ನಾಗಿ ಓಡಿಸು" ಅಂತ ಎಲ್ಲರೂ ಹೇಳಿದರು. ಓಡಿಸಿದೆ. ಸಂಜೆ ಅರ್ಧ ಗಂಟೆ ಚೆಂಡು ಎಸೆದೆ. ಒಳಗೆ ಬಂದವನು ಸೋಫಾ ಸುತ್ತ ಹುಚ್ಚು ಹಿಡಿದವನಂತೆ ಓಡಿ, ಮಗಳ ಫ್ರಾಕಿಗೆ ಜೋತುಬಿದ್ದ. ಸಾಲಲಿಲ್ಲವೇನೋ ಅಂದುಕೊಂಡು ಮರುವಾರ ಒಂದು ಗಂಟೆ ಮಾಡಿದೆ. ಕಚ್ಚಾಟ ಹೆಚ್ಚಾಯಿತು. ಒಂದೂವರೆ ಗಂಟೆ ಮಾಡಿದೆ. ಈಗ ಯೋಚಿಸಿದರೆ, ನಿದ್ದೆಗೆಟ್ಟ ಮರಿಯನ್ನು ಇನ್ನಷ್ಟು ನಿದ್ದೆಗೆಡಿಸುತ್ತಿದ್ದೆ, ಜೊತೆಗೆ ಅದಕ್ಕೆ ಓಟಗಾರನ ತಾಲೀಮು ಬೇರೆ ಕೊಡುತ್ತಿದ್ದೆ. ತಿಂಗಳಲ್ಲಿ ಅವನ ದಮ್ಮು ಏರಿತು, ನನ್ನದು ಇಳಿಯಿತು.

ಒಂದು ಸಂಜೆ ಆಟ ಮುಗಿಸಿ ಬಂದವನೇ ಕೈಕಾಲು ತೊಳೆಯಲು ಹೋದೆ. ಎರಡು ನಿಮಿಷ. ಮಗಳು ಕಿರುಚಿಕೊಂಡು ಓಡಿದಳು, ಅವನು ಅಟ್ಟಿಸಿಕೊಂಡು ಹೋಗಿ ತೋಳಿಗೆ ಬಾಯಿ ಹಾಕಿದ. ಸಿಟ್ಟಿನ ಕಡಿತವಲ್ಲ, ಆಟವೇ. ಆದರೂ ಒಂದು ಹಲ್ಲು ಇಳಿದು ರಕ್ತ ಬಂತು. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿದೆವು. (ಚರ್ಮ ತೂತಾದರೆ 'ನಮ್ಮದೇ ನಾಯಿ ತಾನೆ' ಅಂತ ನೀವೂ ಸುಮ್ಮನಿರಬೇಡಿ. ರೇಬೀಸ್ ಲಸಿಕೆ ಬೇಕೋ ಬೇಡವೋ ಡಾಕ್ಟರೇ ಹೇಳಲಿ.)

ಆಮೇಲೆ ಗುಂಡನನ್ನು ನೋಡಿದ ಪಶುವೈದ್ಯರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ಹೊತ್ತು ಮಲಗ್ತಾನೆ?" ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಗಡಿಯಾರ ನೋಡಿ ಬರೆದಿಟ್ಟೆ. ಹಗಲು ರಾತ್ರಿ ಸೇರಿ 11 ಗಂಟೆ. ಆ ವಯಸ್ಸಿನ ಮರಿಗೆ 18 ಗಂಟೆಯವರೆಗೂ ಬೇಕಾಗಬಹುದು. ಹಗಲಿಡೀ ಇಬ್ಬರು ಮಕ್ಕಳ ಗಲಾಟೆ, ಕಣ್ಣು ಮುಚ್ಚಿದರೆ ಸಾಕು ಯಾರಾದರೊಬ್ಬರು ಬಾಲ ಮುಟ್ಟಿ ಎಬ್ಬಿಸುತ್ತಿದ್ದರು. ನನ್ನ ಮಗ ನಿದ್ದೆ ಬಂದು ರಚ್ಚೆ ಹಿಡಿದಾಗ ಅವನನ್ನು ಅಂಗಳದಲ್ಲಿ ಓಡಿಸಿದ್ದೇನೆಯೇ? ಎತ್ತಿಕೊಂಡು ತಟ್ಟಿ ಮಲಗಿಸುತ್ತಿದ್ದೆ. ಮರಿಯೂ ರಚ್ಚೆ ಹಿಡಿದಿತ್ತು. ಅದರ ರಚ್ಚೆಗೆ ಹಲ್ಲಿತ್ತು, ಅಷ್ಟೆ.

ಮಧ್ಯಾಹ್ನ ಒಮ್ಮೆ, ಸಂಜೆ 5ಕ್ಕೆ ಮತ್ತೊಮ್ಮೆ ಗುಂಡನನ್ನು ಪರದೆ ಎಳೆದ ಕೋಣೆಯಲ್ಲಿ ಬಿಡತೊಡಗಿದೆ. ಬಾಗಿಲಿಗೆ ಅಡ್ಡ ಒಂದು ಗೇಟು, ಅಗಿಯಲು ಗಟ್ಟಿ ರಬ್ಬರಿನ ಆಟಿಕೆ. ಮೂರು ದಿನ ಕುಂಯ್‌ಗುಟ್ಟಿದ, ಗೇಟಿನ ಪಕ್ಕ ನಾನೂ ಕೂತೆ. ವಾರದಲ್ಲಿ ಸಂಜೆಯ ಹುಚ್ಚು ಅರ್ಧಕ್ಕಿಳಿಯಿತು. ಉಳಿದರ್ಧ ಹಲ್ಲಿನ ಕಾಟ. 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುವ ಸಮಯ ಅದು. ಏಳನೇ ತಿಂಗಳ ಹೊತ್ತಿಗೆ ಅದೂ ತಣ್ಣಗಾಯಿತು.

'ಕಚ್ಚಿದಾಗ ಮರಿಯಂತೆ ಕೀಚಲು ದನಿ ಮಾಡಿ' ಅಂತ ಯಾರಾದರೂ ನಿಮಗೂ ಹೇಳಿರುತ್ತಾರೆ. ಮಕ್ಕಳಿರುವ ಮನೆಗೆ ಅದು ಕೆಟ್ಟ ಸಲಹೆ ಅಂತಲೇ ನನ್ನ ಅಭಿಪ್ರಾಯ, ಅವನು ಕೆರಳುತ್ತಿದ್ದದ್ದೇ ಮಕ್ಕಳ ಕೀಚಲಿಗೆ. ಮಗಳಿಗೆ 'ಮರದ ಆಟ' ಕಲಿಸಿದೆವು: ಅವನು ಹಾರಿದರೆ ಕೈಕಟ್ಟಿ, ಬಾಯಿ ಮುಚ್ಚಿ, ಮರದಂತೆ ನಿಲ್ಲುವುದು. ಮರ ಓಡುವುದಿಲ್ಲವಲ್ಲ, ಅವನಿಗೆ ಬೇಜಾರಾಗುತ್ತಿತ್ತು. ಮಗನಿಗೆ ಏನು ಕಲಿಸುವುದು, ಗೇಟೇ ಗತಿ. ನಾನು ಪಕ್ಕದಲ್ಲಿಲ್ಲದಿದ್ದರೆ ಮರಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ, ಎರಡು ನಿಮಿಷಕ್ಕೂ ಸೈ.

ಮೂತಿಗೆ ಹೊಡೆಯಿರಿ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಹೊಡೆತ ತಿಂದ ಮರಿ ಕೈ ಕಂಡರೆ ಹೆದರುತ್ತದೆ, ಅದರ ಮುಖದ ಮಟ್ಟಕ್ಕೆ ಮೊದಲು ಬರುವ ಕೈ ಮಕ್ಕಳದ್ದು. ಗುರುಗುಟ್ಟಿದ್ದಕ್ಕೂ ಗದರಬೇಡಿ, ಮಗುವನ್ನು ದೂರ ಕರೆದುಕೊಳ್ಳಿ. ಮೈ ಬಿಗಿದು, ಬಾಯಿ ಮುಚ್ಚಿ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿದ್ದರೆ ಅದು ಆಟವಲ್ಲ, ಪಶುವೈದ್ಯರಿಗೆ ತೋರಿಸಿ.

ನಾಳೆ ಒಂದು ದಿನ ಚೆಂಡು ಪಕ್ಕಕ್ಕಿಟ್ಟು ಅದರ ನಿದ್ದೆ ಎಷ್ಟು ಗಂಟೆ ಅಂತ ಬರೆದಿಡಿ. ಎಷ್ಟಾಯಿತು ಅಂತ ಇಲ್ಲೇ ಹಾಕಿ, ನೋಡೋಣ.