ಹಳೆ ಚಟ್ಟಿ, ಪ್ರೊಟ್ರೇಗಳಲ್ಲಿ ಮತ್ತೆ ಬೀಜ ಹಾಕುವ ಮೊದಲು ಬ್ಲೀಚ್ ಮಾಡಲೇಬೇಕಾ?

ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಳೆದ ವರ್ಷದ ಮಣ್ಣಿನ ಚಟ್ಟಿ, ಪ್ರೊಟ್ರೇ (ಸಸಿ ಮಾಡುವ ಗುಳಿಗಳ ಪ್ಲಾಸ್ಟಿಕ್ ತಟ್ಟೆ), ಐಸ್‌ಕ್ರೀಮ್ ಡಬ್ಬಗಳಿವೆ, ಅವನ್ನು ಬ್ಲೀಚ್‌ನಲ್ಲಿ ಅದ್ದಬೇಕಾ, ಸುಮ್ನೆ ತೊಳೆದರೆ ಸಾಕಾ ಅಂತ ಕೇಳಿದ್ದೀರಿ. ಕಳೆದ ಸಲ ಬದನೆ, ಮೆಣಸಿನ ಸಸಿಗಳು ಚೆನ್ನಾಗಿ ಮೊಳೆತು, ಆಮೇಲೆ ಒಂದೊಂದಾಗಿ ಅಡ್ಡ ಬಿದ್ದವು ಅಂತಲೂ ಬರೆದಿದ್ದೀರಿ.

ನಮ್ಮದು ಉಡುಪಿ ಹತ್ತಿರದ ಕಟಪಾಡಿ ಕಡೆ. ಗುಳ್ಳ ಬದನೆಯ ಮಟ್ಟು ಊರು ಇಲ್ಲೇ ಪಕ್ಕದಲ್ಲಿ. ಮನೆಯಲ್ಲಿ ಪ್ರತಿ ವರ್ಷ ಸಸಿ ಮಾಡುತ್ತೇವೆ. ನನ್ನ ಉತ್ತರ ಇಷ್ಟು: ಬದನೆ, ಮೆಣಸು, ಟೊಮೆಟೊಗಾದರೆ ಬ್ಲೀಚ್ ಮಾಡಿ. ಬೆಂಡೆ, ಅಲಸಂಡೆ, ಸೌತೆಗಾದರೆ ಉಜ್ಜಿ ತೊಳೆದು ಬಿಸಿಲಿಗಿಟ್ಟರೆ ಸಾಕು. ಉಜ್ಜುವ ಕೆಲಸ ಮಾತ್ರ ಎರಡಕ್ಕೂ ತಪ್ಪಿದ್ದಲ್ಲ.

ಬಿದ್ದ ಸಸಿಯ ಬುಡ ಹೇಗಿತ್ತು ಅಂತ ನೆನಪಿದೆಯಾ? ಮಣ್ಣಿಗೆ ತಾಗುವ ಜಾಗ ನೀರು ಕುಡಿದ ಹಾಗೆ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ನೂಲಿನಷ್ಟು ಸಪೂರ ಆಗಿದ್ದರೆ ಅದು ಸಸಿ ಕೊಳೆ ರೋಗ. ಮೇಲಿನ ಎಲೆಗಳು ಇನ್ನೂ ಹಸಿರಾಗಿಯೇ ಇರುತ್ತವೆ, ಗಿಡ ಮಾತ್ರ ಮಲಗಿಬಿಡುತ್ತದೆ. ಪಿಥಿಯಂ, ರೈಜೊಕ್ಟೋನಿಯಾ ಅನ್ನುವ ರೋಗಾಣುಗಳ ಕೆಲಸ ಇದು. ನಮ್ಮ ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ತರುವ ಫೈಟೋಫ್ತೋರಾ ಈ ಪಿಥಿಯಂನ ಹತ್ತಿರದ ಸಂಬಂಧಿ. ಎರಡೂ ನೀರಿನಲ್ಲಿ ಈಜಿಕೊಂಡು ಹರಡುತ್ತವೆ. ಹಳೆ ಚಟ್ಟಿಯ ಒಳಗೋಡೆಗೆ ಅಂಟಿದ ಮಣ್ಣಿನಲ್ಲಿ, ಒಣಗಿದ ಬೇರಿನ ಚೂರುಗಳಲ್ಲಿ ಸುಮ್ಮನೆ ಕೂತಿರುತ್ತವೆ. ನೀವು ನೀರು ಹಾಕಿದ ಕೂಡಲೇ ಎಚ್ಚರಾಗುತ್ತವೆ. ದೊಡ್ಡ ಗಿಡ ಇದನ್ನು ತಡೆದುಕೊಳ್ಳುತ್ತದೆ. ಎರಡೆಲೆಯ ಸಸಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಹೆಚ್ಚಿನವರು ಚಟ್ಟಿಯನ್ನು ನೀರಲ್ಲೊಮ್ಮೆ ಅದ್ದಿ ಸೀದಾ ಬ್ಲೀಚ್ ಬಕೆಟಿಗೆ ಹಾಕುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಕ್ಲೋರಿನ್‌ಗೆ ಮಣ್ಣು, ಬೇರು, ಪಾಚಿ ಏನು ಸಿಕ್ಕಿದರೂ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ರೋಗಾಣುವಿನವರೆಗೆ ತಲುಪುವಾಗ ಶಕ್ತಿಯೇ ಉಳಿದಿರುವುದಿಲ್ಲ. ಅದಕ್ಕೆ ಮೊದಲು ಒಣ ಮಣ್ಣನ್ನು ಕೆರೆದು ತೆಗೆಯಿರಿ. ಆಮೇಲೆ ಸೋಪಿನ ನೀರು, ತೆಂಗಿನ ನಾರು ಹಿಡಿದು ಉಜ್ಜಿ. ಚಟ್ಟಿಯ ಅಂಚಿನ ಒಳಭಾಗ ಮತ್ತು ತಳದ ತೂತು, ಈ ಎರಡು ಕಡೆ ಕೊಳೆ ಜಾಸ್ತಿ. ತೂತಿಗೆ ಹಳೆ ಹಲ್ಲುಜ್ಜುವ ಬ್ರಷ್ ಒಳ್ಳೆಯದು. ಪ್ರೊಟ್ರೇಯ ಗುಳಿಗಳ ಮೂಲೆಗಳಿಗೂ ಅದೇ. ಬೆಳಕಿಗೆ ಹಿಡಿದು ನೋಡಿ, ಗೋಡೆಗೆ ಅಂಟಿದ ಕೂದಲಿನಂಥ ಬೇರುಗಳು ಆಗ ಕಾಣುತ್ತವೆ. ಅವು ಹೋಗುವ ತನಕ ಉಜ್ಜಬೇಕು.

ಮಣ್ಣಿನ ಚಟ್ಟಿಯ ಹೊರಗೆ ಬಿಳಿ ಕಟ್ಟಿರುತ್ತದಲ್ವಾ, ಅದು ಗೊಬ್ಬರದ, ನೀರಿನ ಉಪ್ಪು. ರೋಗ ಅಲ್ಲ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಆದರೆ ಬ್ಲೀಚ್ ಮಾಡುವ ಮೊದಲು ಆ ವಿನೆಗರನ್ನು ಪೂರ್ತಿ ತೊಳೆದು ತೆಗೆಯಲೇಬೇಕು. ಬ್ಲೀಚಿಗೆ ಹುಳಿ ಅಥವಾ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಟಾಯ್ಲೆಟ್ ಕ್ಲೀನರ್ ಕೂಡ ಹತ್ತಿರ ತರಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಅಳತೆ ಸುಲಭ. ಅಂಗಡಿಯ ದ್ರವ ಬ್ಲೀಚ್ 1 ಪಾಲು, ನೀರು 9 ಪಾಲು. ಪ್ಲಾಸ್ಟಿಕ್ ಬಕೆಟ್, ಕೈಗೆ ಗ್ಲೌಸ್, ಗಾಳಿ ಆಡುವ ಜಾಗ. ಪ್ಲಾಸ್ಟಿಕ್ ಚಟ್ಟಿ, ಪ್ರೊಟ್ರೇ, ಡಬ್ಬಗಳನ್ನು ಪೂರ್ತಿ ಮುಳುಗಿಸಿ 10 ನಿಮಿಷ ಬಿಡಿ. ಮಣ್ಣಿನ ಚಟ್ಟಿಗೆ ಸಣ್ಣ ಸಣ್ಣ ರಂಧ್ರ ಇರುವುದರಿಂದ ಅರ್ಧ ಗಂಟೆ ಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದ್ದರೆ 10 ಲೀಟರ್ ನೀರಿಗೆ ಸುಮಾರು 150 ಗ್ರಾಂ ಕದಡಿ, ಕೆಳಗೆ ಕೂತ ಮೇಲೆ ತಿಳಿ ನೀರು ಬಳಸಿ. ಪೌಡರ್ ಹೊಸದಾಗಿರಬೇಕು. ನಮ್ಮ ಹವೆಗೆ ಪ್ಯಾಕೆಟ್ ಒಡೆದಿಟ್ಟರೆ ಗಂಟು ಕಟ್ಟಿ ಶಕ್ತಿ ಕಳಕೊಳ್ಳುತ್ತದೆ. ಕಲಸಿದ ನೀರನ್ನೂ ನಾಳೆಗೆ ಅಂತ ಇಡಬೇಡಿ. ನೀರು ಕೆಂಪು ಕದಡಾದರೆ ಚೆಲ್ಲಿ ಹೊಸದು ಮಾಡಿ. ಚೆಲ್ಲುವಾಗ ಬಾವಿಕಟ್ಟೆ, ಗಿಡದ ಬುಡ ಬೇಡ.

ಬ್ಲೀಚ್ ವಾಸನೆಯೇ ಆಗದವರಿಗೆ ಬಿಸಿನೀರು ಇದೆ. ಊರಿನ ಮನೆಯಲ್ಲಿ ಬಚ್ಚಲ ಹಂಡೆ ಇದ್ದರೆ ಮಣ್ಣಿನ ಚಟ್ಟಿಗೆ ಅದೇ ಒಳ್ಳೆಯ ದಾರಿ. ಮೊದಲು ತಣ್ಣೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಬಿರುಕು ಬಿಡಬಹುದು. ಆಮೇಲೆ ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿರಲಿ. ಪ್ರೊಟ್ರೇಗೆ ಇದು ಬೇಡ, ಸೊಟ್ಟ ಆಗುತ್ತದೆ. ಫಿನಾಯಿಲ್ ಯಾವುದಕ್ಕೂ ಬೇಡ.

ಕಳೆದ ವರ್ಷ ದೊಡ್ಡ ಬದನೆ ಗಿಡ ಹಸಿರಾಗಿದ್ದ ಹಾಗೆಯೇ ಒಮ್ಮೆಲೇ ಬಾಡಿ ಸತ್ತಿತ್ತಾ? ಹಾಗಿದ್ದರೆ ಆ ಚಟ್ಟಿಯ ಕಥೆ ಬೇರೆ. ಅದು ದುಂಡಾಣು ಸೊರಗು ರೋಗ ಇರಬಹುದು. ನಮ್ಮ ಕರಾವಳಿಯಲ್ಲಿ ಬದನೆ, ಟೊಮೆಟೊಗೆ ಇದರ ಕಾಟ ಇದ್ದದ್ದೇ. ಮುಂದೆ ಹಾಗಾದರೆ ಬುಡದ ಕಾಂಡವನ್ನು ಅಡ್ಡ ಕತ್ತರಿಸಿ, ಒಂದು ಗ್ಲಾಸ್ ತಿಳಿ ನೀರಿಗೆ ಕತ್ತರಿಸಿದ ತುದಿ ಮಾತ್ರ ತಾಗುವ ಹಾಗೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ನಿಧಾನಕ್ಕೆ ಕೆಳಗಿಳಿದರೆ ಅದೇ ರೋಗ. ಅಂಥ ಚಟ್ಟಿಯನ್ನು ಬ್ಲೀಚ್ ಮಾಡಿದರೂ ನಾನು ಬದನೆ, ಮೆಣಸು, ಟೊಮೆಟೊಗೆ ಕೊಡುವುದಿಲ್ಲ. ಹರಿವೆ ಬಿತ್ತುತ್ತೇನೆ.

ಇನ್ನು ಒಣಗಿಸುವುದು. ಜೂನ್, ಜುಲೈಯಲ್ಲಿ ತೊಳೆದರೆ ಇಲ್ಲಿ ಏನೂ ಒಣಗುವುದಿಲ್ಲ, ನಾಲ್ಕು ದಿನಕ್ಕೆ ಮತ್ತೆ ಹಾವಸೆ. ಆದ್ದರಿಂದ ಈ ಕೆಲಸವನ್ನು ಏಪ್ರಿಲ್, ಮೇ ಬಿಸಿಲಿನಲ್ಲೇ ಮುಗಿಸಿ. ಬ್ಲೀಚ್ ಆದ ಮೇಲೆ ವಾಸನೆ ಹೋಗುವ ತನಕ ತೊಳೆದು, ಕವುಚಿ ಹಾಕಿ, ಖಡಕ್ಕಾಗಿ ಒಣಗಿಸಿ. ಮಳೆ ಎರಚದ ಜಾಗದಲ್ಲಿ, ನೆಲಕ್ಕೆ ತಾಗದ ಹಾಗೆ ಎತ್ತಿಡಿ. ಮಳೆ ಕಡಿಮೆಯಾದ ಮೇಲೆ ಬದನೆ, ಮೆಣಸಿನ ಸಸಿ ಮಾಡುವಾಗ ಸೀದಾ ತೆಗೆದು ಬಳಸಬಹುದು. ಮಣ್ಣಿನ ಚಟ್ಟಿಯನ್ನು ಮಾತ್ರ ಬೀಜ ಹಾಕುವ ಮೊದಲು ಒಳ್ಳೆಯ ನೀರಿನಲ್ಲಿ ನೆನೆಸಿ. ಇಲ್ಲದಿದ್ದರೆ ಒಣ ಚಟ್ಟಿ ಬೀಜದ ಸುತ್ತಲಿನ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ.

ತೊಳೆದ ಚಟ್ಟಿಗೆ ಅದೇ ಹಳೆ ಮಣ್ಣು ತುಂಬಬೇಡಿ ದಯವಿಟ್ಟು. ಸಸಿಗೆ ಹೊಸ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಎರೆಗೊಬ್ಬರ ಸಾಕು. ರೋಗಾಣುವನ್ನು ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಸಿಕ್ಕಿದರೆ ಅದಕ್ಕೆ ಬೆರೆಸಿ, ಬ್ಲೀಚ್ ವಾಸನೆ ಪೂರ್ತಿ ಹೋದ ಚಟ್ಟಿಗೆ ಮಾತ್ರ. ಹಳೆ ಮಣ್ಣನ್ನು ಊರಿಗೆ ಹೋಗುವಾಗ ಒಯ್ದು ತೆಂಗಿನ ಬುಡಕ್ಕೆ ಹಾಕಿ.