ಮೂರನೇ ತರಗತಿ ಮಕ್ಕಳಿಗೆ ಕಳೆಯುವ ಲೆಕ್ಕ ಬರ್ತಿಲ್ಲ. ಮಗ್ಗಿ ಬಾಯಿಪಾಠ ಮಾಡಿಸಲಾ, ದಿನಾ 20 ಲೆಕ್ಕ ಕೊಡಲಾ?

ಎರಡೂ ಬೇಡ. ಹಾವೇರಿ ಕಡೆ ಅತಿಥಿ ಶಿಕ್ಷಕಿಯಾಗಿ ಸೇರಿ ಮೂರು ತಿಂಗಳಾಯ್ತು ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಮೊದಲ ಎರಡು ವರ್ಷ ಕಣ್ಣ ಮುಂದೆ ಬಂತು.

2012ರಲ್ಲಿ ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಸೇರಿದೆ. ನಲಿ-ಕಲಿ ಕೋಣೆ, ಅಂದರೆ ಒಂದರಿಂದ ಮೂರನೇ ತರಗತಿವರೆಗೆ ಎಲ್ಲರೂ ಒಟ್ಟಿಗೆ. ಎರಡನೇ ತರಗತಿಯಲ್ಲಿ 14 ಮಕ್ಕಳಿದ್ದರು. ಕಳೆಯುವ ಲೆಕ್ಕ ಶುರು ಮಾಡಿದ ದಿನ ಒಬ್ಬ ಹುಡುಗ ಸ್ಲೇಟಿನ ಮೇಲೆ 3ರಲ್ಲಿ 8 ಕಳೆಯೋಕೆ ಹೊರಟ. ಅವನಿಗೆ ಸುಲಭ ಆಗಲಿ ಅಂತ ನಾನು ಒಂದು ಮಾತು ಹೇಳಿದೆ: "ಯಾವಾಗಲೂ ದೊಡ್ಡದರಲ್ಲಿ ಸಣ್ಣದು ಕಳೀಬೇಕು." ಎಲ್ಲರಿಂದ ಮೂರು ಸಲ ಹೇಳಿಸಿದೆ. ಆ ವರ್ಷ ಪೂರ್ತಿ ಯಾವ ತೊಂದರೆಯೂ ಕಾಣಲಿಲ್ಲ. 48ರಲ್ಲಿ 23, 67ರಲ್ಲಿ 35, ಎಲ್ಲ ಸರಿ ಬರ್ತಿತ್ತು. ನಾನೂ ಖುಷಿಯಾಗಿದ್ದೆ.

ಮುಂದಿನ ವರ್ಷ ಅದೇ ಮಕ್ಕಳು ಮೂರನೇ ತರಗತಿಗೆ ಬಂದರು. ಹೊಲದಲ್ಲಿ ಹೆಸರುಕಾಳು ಬಿಡಿಸುವ ಕಾಲ ಮುಗಿದು ಎಲ್ಲರೂ ವಾಪಸ್ ಶಾಲೆಗೆ ಬರೋಕೆ ಶುರು ಮಾಡಿದ ಮೇಲೆ ಬೋರ್ಡಿನ ಮೇಲೆ 52 - 27 ಬರೆದೆ. 14ರಲ್ಲಿ 11 ಮಕ್ಕಳು 35 ಅಂತ ಬರೆದರು. ರಜೆ ಜಾಸ್ತಿ ಆಗಿ ಮರೆತಿದ್ದಾರೆ ಅಂದುಕೊಂಡೆ. ನೀವು ಈಗ ಯೋಚಿಸಿದ ಹಾಗೇ ದಿನಾ 20 ಲೆಕ್ಕ ಕೊಟ್ಟೆ. ಎರಡು ತಿಂಗಳು ಬಿಡದೆ ಮಾಡಿಸಿದೆ. ಏನಾಯ್ತು ಗೊತ್ತಾ? ಅವರು ತಪ್ಪನ್ನೇ ದಿನಕ್ಕೆ 20 ಸಲ ರೂಢಿ ಮಾಡಿಕೊಂಡರು.

ಆಮೇಲೆ "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಹೇಳಿಕೊಟ್ಟೆ. ಸಾಲ ತಗೊಳ್ಳೋದು ಬಂತು, ಯಾವಾಗ ತಗೊಳ್ಳಬೇಕು ಅನ್ನೋದು ಬರಲಿಲ್ಲ. 58ರಲ್ಲಿ 27 ಕಳೆಯೋಕೂ ಸಾಲ ತಂದು, 18ರಲ್ಲಿ 7 ಹೋದರೆ 11, 4ರಲ್ಲಿ 2 ಹೋದರೆ 2, ಉತ್ತರ 211 ಅಂತ ಬರೆದು ತಂದರು. 58ರಲ್ಲಿ ಕಳೆದರೆ 211 ಹೇಗೆ ಉಳಿಯುತ್ತೆ ಅಂತ ಒಂದು ಮಗುವೂ ಕೇಳಲಿಲ್ಲ. ನನ್ನ ಕ್ಲಾಸಿನಲ್ಲಿ ಅಂಕಿಗೂ ಎಣಿಕೆಗೂ ಸಂಬಂಧವೇ ಹರಿದುಹೋಗಿತ್ತು.

ಆ 11 ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರ್ತಿದ್ದರು. ಒಂದು ಸಂತೆ ದಿನ ಸಂಜೆ ಅವರ ಹತ್ತಿರ ಮೆಂತ್ಯೆ, ಟೊಮೆಟೊ ತಗೊಂಡೆ. 27 ರೂಪಾಯಿ ಆಯ್ತು. 50ರ ನೋಟು ಕೊಟ್ಟೆ. ಅವ್ವ ಬೇರೆ ಗಿರಾಕಿಗೆ ತೂಗ್ತಿದ್ದರು. ಹುಡುಗಿಯೇ ಚೀಲದಲ್ಲಿ ಕೈ ಹಾಕಿ ಮೊದಲು ಒಂದು ರೂಪಾಯಿಯ ಮೂರು ನಾಣ್ಯ ನನ್ನ ಅಂಗೈ ಮೇಲೆ ಇಟ್ಟಳು. "ಮೂವತ್ತಾತ್ರಿ" ಅಂದಳು. ಆಮೇಲೆ ಹತ್ತರ ಎರಡು ನೋಟು ಇಟ್ಟಳು. "ಐವತ್ತಾತ್ರಿ, ಟೀಚರ್."

ಹಿಂದಿನ ದಿನವಷ್ಟೇ ಅವಳ ನೋಟ್‌ಬುಕ್ಕಿನಲ್ಲಿ 50 - 27 = 37 ಅಂತ ಇದ್ದದ್ದಕ್ಕೆ ನಾನು ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದೆ. "ನಿನ್ನೆ 37 ಬರೆದಿದ್ದೆಯಲ್ಲಾ?" ಅಂತ ಕೇಳಿದೆ. ಅವಳು ಅಂದಳು: "ಅದು ಸಾಲಿ ಲೆಕ್ಕರಿ, ಇದು ರೊಕ್ಕದ್ದು. ಸಾಲ್ಯಾಗ ನೀವ ಹೇಳೀರೆಲ್ರಿ, ದೊಡ್ಡದರಾಗ ಸಣ್ಣದು ಕಳೀಬೇಕಂತ. ಏಳು ದೊಡ್ಡದು, ಸೊನ್ನಿ ಸಣ್ಣದು."

ಮಗು ನನ್ನ ಮಾತನ್ನು ಒಂದಿಷ್ಟೂ ತಪ್ಪದೆ ಪಾಲಿಸಿತ್ತು. ತಪ್ಪು ಉತ್ತರ ನನ್ನದು. ನಾನು ಹೇಳಿದ ಮಾತು ಇಡೀ ಸಂಖ್ಯೆಗೆ ಅನ್ವಯಿಸಿದ್ದು. ಮಕ್ಕಳು ಅದನ್ನು ಒಂದೊಂದೇ ಅಂಕಿಗೆ ಹಚ್ಚಿದರು. ಯಾಕಂದ್ರೆ 50 ಅಂದರೆ ಐದು ಹತ್ತುಗಳು ಅನ್ನೋದನ್ನು ನಾನು ಅವರ ಕೈಗೆ ಕೊಟ್ಟೇ ಇರಲಿಲ್ಲ. ಅವರ ಕಣ್ಣಿಗೆ ಅದು ಪಕ್ಕಪಕ್ಕ ನಿಂತ ಒಂದು 5, ಒಂದು 0 ಅಷ್ಟೇ. 3ರಲ್ಲಿ 8 ಕಳೆಯೋಕೆ ಹೊರಟ ಹುಡುಗನಿಗೆ "ಮೂರು ಕಡ್ಡಿ ಇದಾವೆ, ಎಂಟು ಕೊಡು ನೋಡೋಣ" ಅಂದಿದ್ದರೆ ಸಾಕಿತ್ತು. ಅರ್ಧ ನಿಮಿಷ ಉಳಿಸೋಕೆ ಹೋಗಿ ನಿಯಮ ಕೊಟ್ಟೆ. ಅದನ್ನು ಬಿಡಿಸೋಕೆ ಒಂದೂವರೆ ವರ್ಷ ಹಿಡೀತು. ಆ ಹುಡುಗ ಅಷ್ಟರಲ್ಲಿ ಗಣಿತದ ಹೊತ್ತಿಗೆ ಕೈ ಎತ್ತೋದನ್ನೇ ನಿಲ್ಲಿಸಿದ್ದ. ಐದನೇ ತರಗತಿ ಮುಗಿಸಿ ಹೋಗುವವರೆಗೂ ಅವನು ಮತ್ತೆ ಕೈ ಎತ್ತಲಿಲ್ಲ. ಅದು ನನ್ನಿಂದ ಇವತ್ತಿಗೂ ಮರೆಯೋಕೆ ಆಗಿಲ್ಲ.

ಕೋಲ್ಕತ್ತಾ, ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಅಧ್ಯಯನ 2025ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಕಷ್ಟದ ಲೆಕ್ಕವನ್ನೂ ಮನಸ್ಸಿನಲ್ಲೇ ಮಾಡುವ ಮಕ್ಕಳು, ಅಂಥದ್ದೇ ಲೆಕ್ಕ ಶಾಲೆಯ ರೀತಿಯಲ್ಲಿ ಕೊಟ್ಟರೆ ತಡವರಿಸ್ತಾರೆ ಅಂತ ಅದರಲ್ಲಿತ್ತು. ನನಗೆ ಆ ಹುಡುಗಿಯ "ಸಾಲಿ ಲೆಕ್ಕ" ಕಿವಿಯಲ್ಲಿ ಕೇಳಿಸ್ತು.

ಹಾಗಾಗಿ ನಿಮ್ಮ ಮಕ್ಕಳಿಗೆ ಕಳೆಯೋದು ಬರಲ್ಲ ಅನ್ನೋದನ್ನೇ ನಾನು ಒಪ್ಪಲ್ಲ. ಅವರು ಯಾವುದೋ ನಿಯಮ ಹಿಡಿದುಕೊಂಡಿದ್ದಾರೆ. ಅದು ಯಾವುದು ಅಂತ ಮೊದಲು ಹುಡುಕಿ. ಬೋರ್ಡಿನ ಮೇಲೆ 50 - 27 ಒಂದೇ ಲೆಕ್ಕ ಬರೆಯಿರಿ. 37 ಬರೆದ ಮಗು ದೊಡ್ಡ ಅಂಕಿಯಲ್ಲಿ ಸಣ್ಣ ಅಂಕಿ ಕಳೆದಿದೆ. 33 ಬರೆದದ್ದು ಹತ್ತು ತಂದಿದೆ, ಆದರೆ 5ನ್ನು 4 ಮಾಡಿಲ್ಲ. 77 ಬಂದರೆ ಕೂಡಿಸಿದೆ. ಮೂರಕ್ಕೂ ಮದ್ದು ಬೇರೆ. ಎಲ್ಲರಿಗೂ ಒಂದೇ 20 ಲೆಕ್ಕ ಕೊಟ್ಟರೆ ಯಾರಿಗೂ ಹತ್ತಲ್ಲ. ಕೆಂಪು ಪೆನ್ನು ಕೆಳಗಿಟ್ಟು, ಮಗುವಿನ ಪಕ್ಕ ಕೂತು "ಹೆಂಗ ಮಾಡಿದಿ, ಹೇಳು" ಅಂತ ಕೇಳಿ. ಸರಿ ಬರೆದವರನ್ನೂ ಕೇಳಿ, ಇಲ್ಲದಿದ್ದರೆ ತಪ್ಪಾದಾಗ ಮಾತ್ರ ಟೀಚರ್ ಕೇಳ್ತಾರೆ ಅಂತ ಹೆದರ್ತಾರೆ.

ಆಮೇಲೆ ಕಡ್ಡಿ ತರಿಸಿ. ನಾನು ಬಾರಿಗೆ (ಪೊರಕೆ) ಕಡ್ಡಿ ಮುರಿಸಿ, ಹತ್ತತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿಸಿದೆ. ಕಟ್ಟುಗಳನ್ನು ಮಕ್ಕಳೇ ಕಟ್ಟಬೇಕು, ನೀವು ಕಟ್ಟಿ ಕೊಡಬೇಡಿ. 52 ಅಂದರೆ ಐದು ಕಟ್ಟು, ಎರಡು ಬಿಡಿ. 27 ಕೊಡು ಅಂದರೆ ಏಳು ಬಿಡಿ ಇಲ್ಲ. ಸುಮ್ನೆ ಕಾಯಿರಿ. ನನ್ನ ಕ್ಲಾಸಿನಲ್ಲಿ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಅದೇ ಸಂತೆ ಹುಡುಗಿ "ಒಂದು ಕಟ್ಟು ಬಿಚ್ಚಲೇನ್ರಿ?" ಅಂದಳು. ಬಿಚ್ಚಿದಳು. ನಾಲ್ಕು ಕಟ್ಟು, 12 ಬಿಡಿ. "ಇನ್ನೂ ಐವತ್ತೆರಡ ಐತ್ರಿ" ಅಂತ ಪಕ್ಕದವನು ಹೇಳಿದ. ಅವತ್ತಿನಿಂದ ನಾನು "ಸಾಲ" ಅನ್ನೋ ಪದ ಬಿಟ್ಟೆ, "ಕಟ್ಟು ಬಿಚ್ಚು" ಅಂತೀನಿ. ವಾಪಸ್ ಕೊಡದೇ ಇರೋದು ಸಾಲ ಹೇಗಾಗುತ್ತೆ? ಅದೂ ಅಲ್ಲದೆ ನಮ್ಮ ಮಕ್ಕಳ ಮನೆಗಳಲ್ಲಿ ಸಾಲ ಅಂದರೆ ರಾತ್ರಿ ಅಪ್ಪ-ಅವ್ವ ಮೆಲ್ಲಗೆ ಮಾತಾಡುವ ವಿಷಯ. ಗಣಿತಕ್ಕೆ ಆ ಪದ ಬೇಡ.

ನಿಮ್ಮ ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಇದೆಯಾ ನೋಡಿ. ಸರ್ಕಾರಿ ಶಾಲೆಗಳಿಗೆ 4 ಮತ್ತು 5ನೇ ತರಗತಿಯ ಗಣಿತ ಕಲಿಸೋಕೆ ಅಂತ ಕೊಟ್ಟದ್ದು. ಅದರಲ್ಲಿ ಬಿಡಿ, ಹತ್ತು, ನೂರರ ಬ್ಲಾಕುಗಳಿವೆ. ಬೀರುವಿನಲ್ಲಿದ್ದರೆ ಹೊರಗೆ ತೆಗೀರಿ, ಕಳೆದುಹೋಗುತ್ತೆ ಅಂತ ಹೆದರಬೇಡಿ. ಆದರೆ ಮೊದಲ ವಾರ ಕಡ್ಡಿಯೇ ಇರಲಿ, ಬ್ಲಾಕನ್ನು ಬಿಚ್ಚೋಕಾಗಲ್ಲ.

ಕನ್ನಡದ ಎಣಿಕೆಯೂ ನಿಮ್ಮ ಕಡೆ ಇದೆ. ಐವತ್ತು ಅನ್ನೋ ಪದದಲ್ಲೇ ಐದೂ ಹತ್ತೂ ಇದೆ. ಅರವತ್ತರಲ್ಲಿ ಆರು, ಎಪ್ಪತ್ತರಲ್ಲಿ ಏಳು, ಎಂಬತ್ತರಲ್ಲಿ ಎಂಟು. ಐವತ್ತೆರಡು ಅಂತ ಬಾಯಲ್ಲಿ ಬಿಡಿಸಿ ಹೇಳಿಸಿ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿದ್ದರೆ ಅವರ ಜೊತೆ ಸ್ವಲ್ಪ ಜಾಸ್ತಿ ಹೊತ್ತು ಕೂರಿ. "ಬಾವನ್" ಅನ್ನೋದರಲ್ಲಿ ಐವತ್ತೂ ಎರಡೂ ಹಾಗೆ ಬಿಡಿಬಿಡಿಯಾಗಿ ಕೇಳಿಸಲ್ಲ.

ಮಗ್ಗಿಗೆ ನಾನು ವಿರೋಧಿ ಅಲ್ಲ. ಹತ್ತರವರೆಗಿನದು ಬಾಯಿಗೆ ಬರಲೇಬೇಕು, ಭಾಗಾಕಾರಕ್ಕೆ ಬೇಕಾಗುತ್ತೆ. ಆದರೆ ಕಳೆಯುವ ಲೆಕ್ಕದ ಕಾಯಿಲೆಗೆ ಅದು ಔಷಧಿ ಅಲ್ಲ. ಪೋರ್ಷನ್ ಹಿಂದೆ ಬೀಳುತ್ತೆ ಅಂತ ನಿಮಗೆ ಭಯ ಇರಬಹುದು. ಬೀಳಲಿ. ನನ್ನದೂ ಮೂರು ವಾರ ಬಿತ್ತು, ಭಾಗಾಕಾರ ಬಂದಾಗ ಅಷ್ಟೂ ವಾಪಸ್ ಸಿಕ್ಕಿತು, ಯಾಕಂದ್ರೆ ಕಟ್ಟು ಬಿಚ್ಚೋದು ಅವರಿಗೆ ಆಗಲೇ ಗೊತ್ತಿತ್ತು.

ನಾಳೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ 50 - 27 ಕೊಡಿ. ಎಷ್ಟು ಜನ 37, ಎಷ್ಟು ಜನ 33 ಬರೆದರು ಅಂತ ನನಗೆ ತಿಳಿಸಿ, ಎಲ್ಲಿಂದ ಶುರು ಮಾಡೋದು ಅಂತ ಆಮೇಲೆ ನೋಡೋಣ.