ಮಚ್ಚೆಯ ಗುಣ ರಕ್ತದಲ್ಲಿ ಕಾಣದು

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ; ಗೋಣಿಕೊಪ್ಪಲಿನ ಬಳಿ ಕಾಫಿ ತೋಟವಿದೆ. ಅವರ ಅಂಗಾಲಿನ ಕಪ್ಪು ಮಚ್ಚೆ ವರ್ಷದಿಂದ ಅಗಲವಾಗುತ್ತಿದೆ. ಕತ್ತರಿಸದೆ, ರಕ್ತದ ಬಯೋಮಾರ್ಕರ್ (ರೋಗ ಸೂಚಿಸುವ ಗುರುತು) ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಬಹುದೇ?

ಉತ್ತರ: ತಿಳಿಯದು. ಮಳೆಗಾಲ ಮುಗಿದು ಬೂಟು ಕಳಚಿದ ಮೇಲೆ ಪಾದ ನೋಡಿಕೊಂಡವರಿಂದ ಇದೇ ಪ್ರಶ್ನೆ ಪದೇ ಪದೇ ಬರುತ್ತದೆ. ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್, ಇರುವವರ ರಕ್ತದಲ್ಲಿ ಎಲ್‌ಡಿಎಚ್, ಎಸ್100ಬಿ ಎಂಬ ಪ್ರೋಟೀನ್‌ಗಳು ಏರುವುದು ಸಾಮಾನ್ಯವಾಗಿ ರೋಗ ದೇಹದೊಳಗೆ ಹರಡಿದ ಮೇಲೆ. ಆದುದರಿಂದ ಲ್ಯಾಬುಗಳು ಮಾರುವ ‘ಕ್ಯಾನ್ಸರ್ ಪ್ಯಾಕೇಜ್’ ನಾರ್ಮಲ್ ಬಂದಿತೆಂದು ನೆಮ್ಮದಿಯಿಂದ ಕುಳಿತುಕೊಳ್ಳುವುದು ಅಪಾಯಕರ. ಅಮೆರಿಕದಲ್ಲಿ ಮಚ್ಚೆಯ ಮೇಲೆ ಅಂಟುಪಟ್ಟಿ ಒತ್ತಿ ಜೀನ್‌ಗಳ ಚಟುವಟಿಕೆ ನೋಡುವ ಪರೀಕ್ಷೆ ಬಳಕೆಗೆ ಬಂದಿದೆಯಾದರೂ ಅದು ಅಂಗೈ, ಅಂಗಾಲುಗಳಿಗಲ್ಲ.

ನಮಗೆ ನೆರವಾಗುವ ಗುರುತುಗಳಿರುವುದು ತೆಗೆದ ಅಂಗಾಂಶದಲ್ಲಿ. ಅವುಗಳಲ್ಲಿ ‘ಪ್ರೇಮ್’ ಎಂಬ ಪ್ರೋಟೀನ್ ಮುಖ್ಯವಾದುದು; ಅದು ಇರುವಲ್ಲಿ ಹತ್ತುವ ಬಣ್ಣವನ್ನು ಅಂಗಾಂಶಕ್ಕೆ ಹಾಕಿ ನೋಡುತ್ತಾರೆ. 2018ರ ಒಂದು ಅಧ್ಯಯನದಲ್ಲಿ ಚರ್ಮದಲ್ಲೇ ಹುಟ್ಟಿದ ಮೆಲನೋಮಾಗಳ ಪೈಕಿ ಶೇ. 83.2ರಲ್ಲಿ, ಅಂಗೈ-ಅಂಗಾಲಿನವುಗಳ ಪೈಕಿ ಶೇ. 94.4ರಲ್ಲಿ ಇದರ ಬಣ್ಣ ಎಲ್ಲೆಡೆ ಹರಡಿ ಕಂಡಿತು. ಸಾದಾ ಮಚ್ಚೆಗಳಲ್ಲಿ ಶೇ. 86.4ಕ್ಕೆ ಬಣ್ಣ ಹತ್ತಲೇ ಇಲ್ಲ. ಆದರೆ ನಾರಿನಂಥ ಡೆಸ್ಮೋಪ್ಲಾಸ್ಟಿಕ್ ಮೆಲನೋಮಾದಲ್ಲಿ ಈ ಪ್ರಮಾಣ ಶೇ. 35 ಮಾತ್ರ. ಪಿ16 ಪ್ರೋಟೀನ್ ಪೂರ್ತಿ ಕಾಣೆಯಾಗಿದ್ದರೆ ಸಂಶಯ ಬಲಗೊಳ್ಳುತ್ತದೆ. ಬ್ರಾಫ್ ಜೀನಿನ ವಿ600ಇ ಬದಲಾವಣೆಯಾದರೋ ಸಾದಾ ಮಚ್ಚೆಗಳಲ್ಲೂ ಧಾರಾಳವಾಗಿ ಸಿಗುವುದರಿಂದ, ಅದು ‘ಪಾಸಿಟಿವ್’ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಅಳುವ ಕಾರಣವಿಲ್ಲ. ಮೆಲನೋಮಾ ಎಂದು ಖಚಿತವಾದ ಬಳಿಕ ಔಷಧ ಆರಿಸಲು ಮಾತ್ರ ಅದರ ಉಪಯೋಗ. ಈ ಯಾವ ಗುರುತೂ ಒಂಟಿಯಾಗಿ ತೀರ್ಪು ಕೊಡದು. ಸೂಕ್ಷ್ಮದರ್ಶಕದಡಿ ಜೀವಕೋಶಗಳ ರಚನೆಯೊಂದಿಗೆ ಕೂಡಿಸಿಯೇ ಅದನ್ನು ಓದಬೇಕು.

ಸಾಧ್ಯವಾದರೆ ಮಚ್ಚೆಯನ್ನು ಸುತ್ತ ಒಂದೆರಡು ಮಿಲಿಮೀಟರ್ ಚರ್ಮದೊಡನೆ ಇಡಿಯಾಗಿ ತೆಗೆಸಿರಿ. ಮೂಲೆಯಿಂದ ಚೂರು ತೆಗೆದರೆ ರೋಗವಿರುವ ಭಾಗವೇ ತಪ್ಪಿಹೋಗಬಹುದು. ಮಡಿಕೇರಿಯಲ್ಲಿ ತೆಗೆಸಿದರೂ, ಅಗತ್ಯಬಿದ್ದರೆ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನು ಮೈಸೂರಿಗೋ ಬೆಂಗಳೂರಿಗೋ ಕಳುಹಿಸಿ ಬಣ್ಣ ಹಾಕಿಸಬಹುದು. ಲೇಸರ್‌ನಿಂದ ಸುಡಿಸಲು ಒಪ್ಪಬೇಡಿರಿ. ಅಂಗಾಲಿನಲ್ಲಿ ಬೆಳೆಯುತ್ತಿರುವ ಮಚ್ಚೆಯ ವಿಷಯದಲ್ಲಿ ನಾನು ಅತಿ ಜಾಗರೂಕನೆಂದು ಸಹೋದ್ಯೋಗಿಗಳು ನಗುವುದುಂಟು, ನಗಲಿ. ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯಬೇಡಿರಿ.

ಪ್ರಶ್ನೆ: ಚಾಕು ತಗುಲಿದರೆ ಕ್ಯಾನ್ಸರ್ ಹರಡುವುದಿಲ್ಲವೇ? (ಪಾಲಿಬೆಟ್ಟ)

ಉತ್ತರ: ಇಲ್ಲ.

ಪ್ರಶ್ನೆ: ಜಿಗಣೆ ಕಚ್ಚಿದಲ್ಲಿ ತುರಿಸುವ ಗಂಟು ಕ್ಯಾನ್ಸರ್ ಆದೀತೇ? (ಸೋಮವಾರಪೇಟೆ)

ಉತ್ತರ: ಅದು ಕಡಿತಕ್ಕೆ ಚರ್ಮ ತೋರುವ ಪ್ರತಿಕ್ರಿಯೆ. ಕೆರೆಯಬೇಡಿರಿ.

ಪ್ರಶ್ನೆ: ಸುಣ್ಣ, ಸೋಡಾ ಕಲಸಿ ಹಚ್ಚುವವರಿಂದ ಮಚ್ಚೆ ತೆಗೆಸಿದೆ. ಈಗ ಅಲ್ಲೇ ಮತ್ತೆ ಕಪ್ಪಾಗಿದೆ. (ಕುಶಾಲನಗರ)

ಉತ್ತರ: ಆ ಮಹಾನುಭಾವರು ಮಚ್ಚೆಯ ಜೊತೆಗೆ ಪರೀಕ್ಷೆಗೆ ಬೇಕಾದ ಅಂಗಾಂಶವನ್ನೂ ಸುಟ್ಟಿದ್ದಾರೆ. ಕಲೆಯೊಳಗೆ ಮರಳಿ ಬೆಳೆದ ಸಾದಾ ಮಚ್ಚೆಯೂ ಸೂಕ್ಷ್ಮದರ್ಶಕದಡಿ ಮೆಲನೋಮಾದಂತೆ ಕಾಣಬಹುದಾದ ಕಾರಣ, ಅದನ್ನು ತೆಗೆಸುವಾಗ ಹಿಂದೆ ಸುಡಿಸಿದ ಸಂಗತಿಯನ್ನು ನಾಚಿಕೆಪಡದೆ ಪ್ಯಾಥಾಲಜಿ ಚೀಟಿಯಲ್ಲಿ ಬರೆಸಿರಿ.